ಒಂದು ಮಾತಿಗೆ ಒಂದೇ ಹಲ್ಲು

ದಂತವೈದ್ಯಕೀಯ ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ಯಂತ್ರಗಳ ಬಗ್ಗೆ. ನಿಮ್ಮ ಕಾಲದಲ್ಲಿ ಏನೇನು ಇತ್ತು, ಯಾವಾಗ ಯಾವುದು ಬಂತು, ಕಲಿಯುವುದು ಕಷ್ಟವಾಯಿತೆ ಎಂದು. ಯಂತ್ರ ಕಲಿಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಂಪನಿಯವರು ಬಂದು ಒಂದೆರಡು ದಿನ ಹೇಳಿಕೊಟ್ಟು ಹೋಗುತ್ತಿದ್ದರು, ಆಮೇಲೆ ಕೈಗೆ ತಾನೇ ಹತ್ತುತ್ತಿತ್ತು. ಕಷ್ಟವಾದದ್ದು ಆ ಯಂತ್ರಗಳ ವಿಷಯ ನಾವು ಒಬ್ಬರಿಗೊಬ್ಬರು ಮಾತಾಡುವುದು. ಅದನ್ನು ಯಾವ ಕಂಪನಿಯವರೂ ಕಲಿಸಲಿಲ್ಲ. ನಾವೇ ಕೂತು, ಜಗಳವಾಡಿ, ಒಂದೊಂದೇ ಪದವನ್ನು ಗೊತ್ತುಮಾಡಿಕೊಳ್ಳಬೇಕಾಯಿತು. ಹಾಗೆ ನಮ್ಮನ್ನು ಕೂರಿಸಿದವರು ಡಾ. ಇಂದುಮತಿ. ನಾನು ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಅವರ ವಿಷಯವೇ.

ನಾನು ಕೆಲಸ ಮಾಡಿದ್ದು ಒಂದು ಟ್ರಸ್ಟಿನ ದಂತ ಆಸ್ಪತ್ರೆಯಲ್ಲಿ. ರಾಮನಗರದಲ್ಲಿ ದೊಡ್ಡದು, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಅದರ ಒಂದೊಂದು ಶಾಖೆ. ನಾನು ಬಹಳ ವರ್ಷ ಕನಕಪುರದಲ್ಲಿದ್ದೆ, ಕೊನೆಯ ವರ್ಷಗಳಲ್ಲಿ ಚನ್ನಪಟ್ಟಣದಲ್ಲಿ. ಮಾಗಡಿಯಲ್ಲಿ ಪ್ರಕಾಶ ಇದ್ದ. ನನಗಿಂತ ನಾಲ್ಕಾರು ವರ್ಷ ಚಿಕ್ಕವನಾದರೂ ಕಾಲೇಜಿನ ಹಾಸ್ಟೆಲ್ಲಿನಿಂದ ಇಬ್ಬರದೂ ಏಕವಚನ.

ಮೊದಮೊದಲು ನಮ್ಮಲ್ಲಿದ್ದದ್ದು ಸಣ್ಣ ಎಕ್ಸ್‌ರೇ ಫಿಲಂ. ರೋಗಿಯ ಬಾಯಲ್ಲಿಟ್ಟು ತೆಗೆದು, ಕಪ್ಪು ಡಬ್ಬಿಯೊಳಕ್ಕೆ ಕೈ ತೂರಿಸಿ, ಔಷಧದಲ್ಲಿ ತೊಳೆದು, ಕ್ಲಿಪ್ಪಿಗೆ ಸಿಕ್ಕಿಸಿ ಕಿಟಕಿಯಲ್ಲಿ ಒಣಗಿಸುತ್ತಿದ್ದೆವು. ರಾಮನಗರಕ್ಕೆ ಯಾರನ್ನಾದರೂ ಕಳಿಸಬೇಕಾದರೆ ಆ ಫಿಲಮ್ಮನ್ನು ಕವರಿನಲ್ಲಿ ಹಾಕಿ ರೋಗಿಯ ಕೈಗೇ ಕೊಡುತ್ತಿದ್ದೆವು. ಚಿತ್ರವೂ ಮನುಷ್ಯನೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಅಲ್ಲಿಯ ಡಾಕ್ಟರಿಗೆ ಏನಾದರೂ ಅನುಮಾನ ಬಂದರೆ ಬಾಯಿ ತೆರೆಸಿ ನೋಡಿದರೆ ಆಯಿತು. ಕಂಪ್ಯೂಟರಿಗೆ ತಂತಿಯಿಂದ ಜೋಡಿಸುವ ಎಕ್ಸ್‌ರೇ ಬಂದಮೇಲೆ ಚಿತ್ರ ಒಂದೇ ಕ್ಷಣದಲ್ಲಿ ನಾಲ್ಕೂ ಊರಿಗೆ ಹೋಗತೊಡಗಿತು. ರೋಗಿ ಮಾತ್ರ ನಮ್ಮ ಬೆಂಚಿನ ಮೇಲೆಯೇ ಕೂತಿರುತ್ತಿದ್ದ. ಚಿತ್ರದ ಜೊತೆಗೆ ಈಗ ಹೋಗುತ್ತಿದ್ದದ್ದು ನಮ್ಮ ಒಂದು ಮಾತು ಅಷ್ಟೇ. ಆ ಮಾತು ನಾಲ್ಕು ಊರಲ್ಲಿ ನಾಲ್ಕು ಥರ ಇತ್ತು.

ಇಂದುಮತಿ ಮೇಡಂ ರಾಮನಗರಕ್ಕೆ ಮುಖ್ಯಸ್ಥರಾಗಿ ಬಂದಾಗ ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಮಾಗಡಿ ಕಡೆಯವರೇ, ರೈತರ ಮನೆಯವರು. ಅವರು ಎಂಥವರೆಂದು ನನಗೆ ಮೊದಲು ಗೊತ್ತಾದದ್ದು ಮರಿಯಪ್ಪನವರ ವಿಷಯದಲ್ಲಿ.

ಮರಿಯಪ್ಪ ಹಾರೋಹಳ್ಳಿ ಕಡೆಯ ರೈತರು. ಮೇಲಿನ ಹಲ್ಲಿಗೆ ಕ್ಯಾಪ್ ಹಾಕಬೇಕಿತ್ತು. ಆಗಷ್ಟೇ ನಮಗೆ ಬಾಯೊಳಗೆ ಆಡಿಸುವ ಪುಟ್ಟ ಕ್ಯಾಮರಾ ಬಂದಿತ್ತು. ಹಿಂದೆ ಪಿಂಕ್ ಬಣ್ಣದ ಪೇಸ್ಟನ್ನು ಬಾಯಿಗೆ ತುಂಬಿ ಹಲ್ಲಿನ ಅಳತೆ ತೆಗೆಯುತ್ತಿದ್ದೆವಲ್ಲ, ಅದೇ ಕೆಲಸವನ್ನು ಇದು ಮಾಡುತ್ತಿತ್ತು. ನಾನು ಅವರಿಗೆ, “ನಾಡಿದ್ದು ಬನ್ನಿ, ಸ್ಕ್ಯಾನ್ ಮಾಡಿಬಿಡೋಣ” ಎಂದೆ. ಅವರು ಬರಲಿಲ್ಲ. ಸುಮಾರು ದಿನ ಬಿಟ್ಟು ಅಳಿಯನ ಜೊತೆ ಬಂದರು. ಅಳಿಯನ ಕಂಕುಳಲ್ಲಿ ದೊಡ್ಡ ಕವರು.

“ಬೆಂಗಳೂರಿಗೋಗಿ ತಲೆ ಸ್ಕ್ಯಾನ್ ಮಾಡಿಸ್ಕಂಡ್ ಬಂದಿವ್ನಿ ಡಾಕ್ಟ್ರೇ” ಎಂದರು ಮರಿಯಪ್ಪ. “ಅವ್ರೇನೋ ಏನೂ ಇಲ್ಲ ಅಂದ್ರು. ನೀವ್ ಒಸಿ ನೋಡಿ. ಏನಿದ್ರೂ ನನ್ ತಾವೇ ಹೇಳಿ, ಮುಚ್ಚಿಡಬ್ಯಾಡಿ.”

ನಾನು ಆ ಪುಟ್ಟ ಕ್ಯಾಮರಾ ತೆಗೆದು ತೋರಿಸಿದೆ. ಹಲ್ಲುಜ್ಜುವ ಬ್ರಷ್ಷಿಗಿಂತ ಒಸಿ ದಪ್ಪ ಅಷ್ಟೇ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದ್ಕಾ ಸ್ಕ್ಯಾನ್ ಅಂದಿದ್ದು? ನೀವ್ ಅಂಗಂದ ದಿನ ನಮ್ ಮನೇಲಿ ಒಲೆ ಹಚ್ಚಿಲ್ಲ ಕಣಪ್ಪ.”

ತಿಂಗಳ ಸಭೆಯಲ್ಲಿ ನಾನು ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ಪ್ರಕಾಶನಂತೂ ಮೇಜು ತಟ್ಟಿಕೊಂಡು ನಕ್ಕ. ಇಂದುಮತಿ ಮೇಡಂ ನಗಲಿಲ್ಲ. “ಸರ್, ನೀವು ಅವರಿಗೆ ಹೇಳಿದ ಮಾತನ್ನು ಹಾಗೇ ಇನ್ನೊಂದು ಸಲ ಹೇಳಿ” ಎಂದರು. ಹೇಳಿದೆ. “ಇದರಲ್ಲಿ ಅವರು ತಪ್ಪು ತಿಳಿಯುವಂಥದ್ದು ಯಾವುದು? ಒಂದೇ ಪದ. ಅದನ್ನ ನಾವು ಬದಲಾಯಿಸಬಹುದಿತ್ತು” ಎಂದರು. ನನ್ನನ್ನು ಬೈದ ಹಾಗಿರಲಿಲ್ಲ. ಯಾವುದೋ ಕೀಲು ಸಡಿಲವಾಗಿದೆ, ಬಿಗಿ ಮಾಡಬೇಕು ಎನ್ನುವ ಹಾಗಿತ್ತು. ಆದರೆ ಆಗ ಅದು ಅಲ್ಲಿಗೇ ನಿಂತಿತು. ಕೆಲಸದ ಗಡಿಬಿಡಿಯಲ್ಲಿ ನಾವೆಲ್ಲ ಮರೆತೆವು.

ಎರಡನೆಯ ಪ್ರಸಂಗ ಪ್ರಕಾಶನದೇ. ನಮ್ಮ ನಾಲ್ಕೂ ಊರಿನ ಹಲ್ಲುಸೆಟ್ಟು, ಕ್ಯಾಪು ಎಲ್ಲ ಮಾಡಿಕೊಡುತ್ತಿದ್ದವನು ಇಲಿಯಾಸ್. ಚನ್ನಪಟ್ಟಣದಲ್ಲಿ ಹೈವೇ ಬದಿಗೆ, ಎರಡು ಬೊಂಬೆ ಅಂಗಡಿಗಳ ನಡುವೆ ಅವನ ಲ್ಯಾಬು. ಮೇಣ, ಪ್ಲಾಸ್ಟರುಗಳಲ್ಲಿ ಕೆಲಸ ಕಲಿತವನು ಆಮೇಲೆ ಕಂಪ್ಯೂಟರು ತಂದ, ಅದರ ಹಿಂದೆಯೇ ಪ್ಲಾಸ್ಟಿಕ್ಕಿನಲ್ಲಿ ದವಡೆಯನ್ನೇ ಮಾಡಿಕೊಡುವ ಯಂತ್ರ ತಂದ. ಅದಕ್ಕೂ ಪ್ರಿಂಟರು ಅಂತಲೇ ಹೆಸರು. ಪ್ರಕಾಶ ಒಂದು ದಿನ ಫೋನಿನಲ್ಲಿ, “ಆ ಡಿಸೈನಿಂದು ಒಂದು ಪ್ರಿಂಟ್ ಕಳಿಸಪ್ಪ” ಎಂದ. ಅವನಿಗೆ ಬೇಕಿದ್ದದ್ದು ಕಾಗದದ ಮೇಲೆ ಒಂದು ಚಿತ್ರ, ರೋಗಿಗೆ ತೋರಿಸಲು. ಮರುದಿನ ಬಸ್ಸಿನಲ್ಲಿ ಬಂದದ್ದು ಹಳದಿ ಪ್ಲಾಸ್ಟಿಕ್ಕಿನ ಮೇಲ್ದವಡೆ, ಕೆಳದವಡೆ, ಜೋಡಿಯಾಗಿ, ಹತ್ತಿಯಲ್ಲಿ ಸುತ್ತಿ. ಪ್ರಕಾಶ ಫೋನಿನಲ್ಲಿ ಕೂಗಾಡಿದ. ಇಲಿಯಾಸ್ ಸಮಾಧಾನವಾಗಿಯೇ ಹೇಳಿದ: “ಸಾರ್, ನಮ್ ಲ್ಯಾಬಲ್ಲಿ ಪ್ರಿಂಟ್ ಅಂದ್ರೆ ಇದೇ. ಕಾಗ್ದ ಬೇಕಿದ್ರೆ ಜೆರಾಕ್ಸ್ ಅಂಗಡಿಗೆ ಹೇಳ್ಬೇಕಿತ್ತು.” ಇದಕ್ಕೂ ನಕ್ಕೆವು.

ಸವಿತಾಳ ವಿಷಯ ಬಂದಾಗ ಮಾತ್ರ ಯಾರಿಗೂ ನಗು ಬರಲಿಲ್ಲ.

ಸವಿತಾ ದೊಡ್ಡಮಳೂರಿನ ಆಚೆಯ ಹಳ್ಳಿಯ ಸೊಸೆ. ಮೂವತ್ತರ ಆಸುಪಾಸು. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯವರದು ಸ್ವಲ್ಪ ಹೊಲ, ಒಂದು ಮಂದೆ ಕುರಿ. ಕೆಳಗಿನ ಎಡ ದವಡೆಯಲ್ಲಿ ಊತ ಅಂತ ನನ್ನ ಹತ್ತಿರ ಬಂದಳು, ಜೊತೆಗೆ ಅತ್ತೆ ಗೌರಮ್ಮ. ಆಗ ನಾನು ಚನ್ನಪಟ್ಟಣದ ಶಾಖೆಗೆ ಬಂದಾಗಿತ್ತು. ನೋವಿರಲಿಲ್ಲ, ಅದಕ್ಕೇ ತಿಂಗಳುಗಟ್ಟಲೆ ಸುಮ್ಮನಿದ್ದರು. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಅಲ್ಲವೆಂದು ಬಂತು. ಆದರೆ ಮೂಳೆಯನ್ನು ಒಳಗಿಂದ ತಿನ್ನುತ್ತ ಬೆಳೆಯುವ ಗಡ್ಡೆ. ದವಡೆಯ ಆ ತುಂಡನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಲೋಹದ ಪಟ್ಟಿ ಕೂರಿಸಬೇಕಿತ್ತು. ಬೆಂಗಳೂರಿನಿಂದ ಒಬ್ಬರು ಸರ್ಜನ್ ರಾಮನಗರಕ್ಕೆ ಬಂದು ಮಾಡಿಕೊಡಲು ಒಪ್ಪಿದರು.

ಆ ಪಟ್ಟಿಯನ್ನು ಮೊದಲೇ ದವಡೆಯ ಆಕಾರಕ್ಕೆ ಬಗ್ಗಿಸಿಟ್ಟುಕೊಂಡರೆ ಆಪರೇಷನ್ ಬೇಗ ಮುಗಿಯುತ್ತದೆ, ಮುಖವೂ ನೆಟ್ಟಗೆ ಉಳಿಯುತ್ತದೆ. ಬಗ್ಗಿಸುವುದಕ್ಕೆ ರೋಗಿಯ ದವಡೆಯದೇ ಪ್ಲಾಸ್ಟಿಕ್ ನಕಲು ಬೇಕು. ಆದರೆ ಸವಿತಾಳ ಎಡಗಡೆ ಊದಿಕೊಂಡು ಆಕಾರ ಕೆಟ್ಟಿತ್ತು. ಆದ್ದರಿಂದ ಕಂಪ್ಯೂಟರಿನಲ್ಲಿ ಚೆನ್ನಾಗಿರುವ ಬಲಗಡೆಯ ಭಾಗವನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಾಣುವ ಹಾಗೆ ಅದನ್ನು ಮಗುಚಿ, ಕೆಟ್ಟ ಎಡಭಾಗದ ಜಾಗದಲ್ಲಿ ಕೂರಿಸಬೇಕು. ಇದಕ್ಕೆ ಎಲ್ಲರೂ ‘ಮಿರರ್’ ಎನ್ನುತ್ತಿದ್ದರು. ರಾಮನಗರದಲ್ಲಿ ಹೊಸದಾಗಿ ಸೇರಿದ್ದ ಒಬ್ಬಳು ಡಾಕ್ಟರು ಕಂಪ್ಯೂಟರಿನಲ್ಲಿ ಇಷ್ಟನ್ನೂ ಅಚ್ಚುಕಟ್ಟಾಗಿ ಮಾಡಿ, ಆ ಫೈಲಿಗೆ ‘ಸವಿತಾ ಮಿರರ್’ ಎಂದು ಹೆಸರಿಟ್ಟು ಇಲಿಯಾಸ್‌ಗೆ ಕಳಿಸಿದಳು. ಮಿರರ್ ಮಾಡಿ ಮುಗಿಸಿದ್ದೇನೆ ಎಂದು ಅವಳ ಅರ್ಥ.

ಇಲಿಯಾಸನ ಲ್ಯಾಬಿನಲ್ಲಿ ಆ ಪದಕ್ಕೆ ಬೇರೆ ಬಳಕೆ ಇತ್ತು. ನಾವು ಬಾಯಿ ಕನ್ನಡಿ ಹಿಡಿದು ಹಿಂದಿನ ಹಲ್ಲುಗಳ ಫೋಟೋ ತೆಗೆದು ಕಳಿಸಿದರೆ ಅದರಲ್ಲಿ ಎಡ ಬಲ ಅದಲುಬದಲಾಗಿರುತ್ತದೆ. ಅಂಥ ಫೋಟೋಗಳ ಮೇಲೆ ನಾವೆಲ್ಲ ‘ಮಿರರ್’ ಎಂದು ಬರೆಯುತ್ತಿದ್ದೆವು, ಅವನು ಇಡೀ ಚಿತ್ರವನ್ನು ಮಗುಚಿ ಸರಿಮಾಡಿಕೊಳ್ಳುತ್ತಿದ್ದ. ಈ ಫೈಲಿನ ಮೇಲೂ ಅದೇ ಪದ ಕಂಡಿತು. ಇಡೀ ದವಡೆಯನ್ನು ಮಗುಚಿ ಪ್ಲಾಸ್ಟಿಕ್ಕಿನಲ್ಲಿ ಮಾಡಿ ಕಳಿಸಿದ.

ಎಡಭಾಗದಲ್ಲಿದ್ದದ್ದೂ ಬಲಗಡೆಯ ನಕಲೇ ಆದ್ದರಿಂದ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿತ್ತು, ನೋಡಿದವರಿಗೆ ಯಾವ ಅನುಮಾನವೂ ಬರುವಂತಿರಲಿಲ್ಲ. ಸರ್ಜನ್ ಬಂದು ಅದರ ಮೇಲೆ ಪಟ್ಟಿ ಬಗ್ಗಿಸಿದರು. ಬೆಳಿಗ್ಗೆ ಆಪರೇಷನ್ ಇದ್ದುದರಿಂದ ಹಿಂದಿನ ಮಧ್ಯಾಹ್ನವೇ ಸವಿತಾಳನ್ನು ಸೇರಿಸಿಕೊಳ್ಳಲಾಯಿತು. ನನ್ನ ರೋಗಿ ಎಂದು ನಾನೂ ಹೋಗಿದ್ದೆ.

ಇಂದುಮತಿ ಮೇಡಂಗೆ ಒಂದು ಅಭ್ಯಾಸ. ಲ್ಯಾಬಿನಿಂದ ಬಂದ ಯಾವ ವಸ್ತುವನ್ನೂ ರೋಗಿಯ ಪಕ್ಕದಲ್ಲಿ ಹಿಡಿದು ನೋಡದೆ ಒಳಗೆ ಬಿಡುತ್ತಿರಲಿಲ್ಲ. ಬೇರೆಯವರಿಗೆ ಅದು ಸಮಯ ಹಾಳು ಎನಿಸುತ್ತಿತ್ತು. ಅವತ್ತೂ ಸವಿತಾಳ ಮಂಚದ ಹತ್ತಿರ ಕೂತು, ದವಡೆಯನ್ನು ಅವಳ ಗಲ್ಲದ ಪಕ್ಕ ಹಿಡಿದು, “ತುಟಿ ಕೆಳಗೆ ಎಳೀರಮ್ಮ” ಎಂದರು. ಸವಿತಾ ಎಳೆದಳು. ಅವಳ ಕೆಳಗಿನ ಮುಂಭಾಗದಲ್ಲಿ ಒಂದು ಹಲ್ಲು ಸಾಲು ಬಿಟ್ಟು ಓರೆಯಾಗಿ ಮುಂದಕ್ಕೆ ಬಂದಿತ್ತು. ಮೇಡಂ ಅವಳ ಬಾಯಿ ನೋಡಿದರು, ಕೈಯಲ್ಲಿದ್ದುದನ್ನು ನೋಡಿದರು, ಮತ್ತೆ ಬಾಯಿ ನೋಡಿದರು.

“ಸರ್, ಓರೆ ಹಲ್ಲು ಇವರ ಬಲಕ್ಕಿದೆ. ಇದರಲ್ಲಿ ಎಡಕ್ಕಿದೆ” ಎಂದರು ನನಗೆ, ಧ್ವನಿ ಏರಿಸದೆ.

ನಕಲು ಕೂರಿಸಿದ ಭಾಗ ಬಿಟ್ಟರೆ ಉಳಿದ ಮೂಳೆ ಅವಳದೇ, ಮನುಷ್ಯನ ದವಡೆಯ ಎರಡು ಬದಿ ಎಂದೂ ಪೂರಾ ಒಂದೇ ಥರ ಇರುವುದಿಲ್ಲ. ಆ ಪಟ್ಟಿಯನ್ನು ಹಾಗೇ ಕೂರಿಸಿದ್ದರೆ ಮೂಳೆಯ ತುದಿಗಳಿಗೆ ಅದು ಹೊಂದುತ್ತಿರಲಿಲ್ಲ. ಆಪರೇಷನ್ ನಡುವೆ ಗೊತ್ತಾಗಿದ್ದರೆ ತೆರೆದ ಬಾಯಲ್ಲೇ ಮತ್ತೆ ಬಗ್ಗಿಸುತ್ತ ಕೂರಬೇಕಿತ್ತು. ಗೊತ್ತಾಗದೇ ಹೋಗಿದ್ದರೆ ಆ ಹುಡುಗಿಯ ಬಾಯಿ ಸೊಟ್ಟಗೇ ಉಳಿಯುತ್ತಿತ್ತು.

ಆಪರೇಷನ್ ಮುಂದಕ್ಕೆ ಹೋಯಿತು. ಹೊಸ ಫೈಲು, ಹೊಸ ನಕಲು, ಸರ್ಜನ್‌ಗೆ ಮತ್ತೆ ಬಿಡುವು, ಎಲ್ಲ ಆಗಬೇಕಿತ್ತು. ಗೌರಮ್ಮನಿಗೆ ಹೇಳುವುದು ಹೇಗೆಂಬ ಪ್ರಶ್ನೆ ಬಂತು. ಯಂತ್ರ ಕೆಟ್ಟಿದೆ ಎಂದುಬಿಡೋಣ ಎಂದು ಯಾರೋ ಅಂದರು. ಮೇಡಂ ಎದ್ದು ಹೊರಗೆ ಹೋಗಿ, ವರಾಂಡದ ಬೆಂಚಿನ ಮೇಲೆ ಗೌರಮ್ಮನ ಪಕ್ಕದಲ್ಲೇ ಕೂತರು. ದವಡೆಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದರು. ಒಂದೇ ಪದ, ಕಳಿಸಿದವರು ಒಂದು ಅರ್ಥದಲ್ಲಿ ಬರೆದರು, ಮಾಡಿದವರು ಇನ್ನೊಂದು ಅರ್ಥದಲ್ಲಿ ಓದಿದರು, ಅದಕ್ಕೇ ಹೀಗಾಯಿತು ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು.

ಗೌರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಕುರೀನ ಪಕ್ಕದ್ ಮನೆಯವರ ಕೈಗೊಪ್ಪಿಸಿ ಬಂದಿವ್ನಿ. ಕೂಸ್ನ ನಾದ್ನಿ ಮನೇಲಿ ಬುಟ್ಟು ಬಂದವ್ಳೆ ಇವ್ಳು. ಈಗ ಒಂಟೋಗಿ ಅಂತೀರಲ್ಲ. ಒಂದ್ ಮಾತ್ಗೆ ಎಲ್ಡೆಲ್ಡ್ ಅರ್ಥ ಇಟ್ಕಂಡು ಕತ್ತಿ ಹಿಡೀತೀರಾ ತಾಯಿ ನೀವು?”

“ಇಟ್ಕೊಂಡಿದ್ವಿ ಅಮ್ಮ” ಎಂದರು ಮೇಡಂ. “ಇನ್ಮೇಲೆ ಇಟ್ಕೊಳ್ಳಲ್ಲ.”

ಗೌರಮ್ಮ ಇನ್ನೂ ಏನೋ ಹೇಳುವವರಿದ್ದರು. ಸವಿತಾ ಬಾಗಿಲಲ್ಲಿ ಬಂದು ನಿಂತು, “ಸರಿಯಾಗೇ ಮಾಡ್ಲಿ ಬುಡಿ ಅತ್ತೆ. ಹೇಳದೆ ಕುಯ್ದಿದ್ರೆ ಏನ್ ಮಾಡ್ತಿದ್ವಿ?” ಎಂದಳು. ಗೌರಮ್ಮ ಆ ಪ್ಲಾಸ್ಟಿಕ್ ದವಡೆಯನ್ನು ಕೈಗೆ ತೆಗೆದುಕೊಂಡು ಸೊಸೆಯ ಮುಖದ ಪಕ್ಕ ಹಿಡಿದು, ತಾವೂ ಒಂದು ಸಲ ನೋಡಿದರು.

ಯಾರ ತಪ್ಪು ಎಂದು ಟ್ರಸ್ಟಿನವರು ಕೇಳಿದರು. ಆ ಹೊಸ ಹುಡುಗಿ ಅಳುತ್ತ ರಾಜೀನಾಮೆಗೆ ಸಿದ್ಧಳಾಗಿದ್ದಳು. ಇಲಿಯಾಸ್ ಲ್ಯಾಬಿಗೆ ಬೀಗ ಹಾಕಿ ಬಂದು ಕೈಕಟ್ಟಿ ನಿಂತಿದ್ದ. ಮೇಡಂ ಒಬ್ಬರ ಹೆಸರನ್ನೂ ಹೇಳಲಿಲ್ಲ. ಇಬ್ಬರೂ ಆ ಪದ ಹೇಳಿದಂತೆಯೇ ಮಾಡಿದ್ದಾರೆ, ಪದವನ್ನು ಸರಿಪಡಿಸುವ ಕೆಲಸ ಮುಖ್ಯಸ್ಥೆಯಾದ ನನ್ನದು, ನನಗೆ ಒಂದಷ್ಟು ಭಾನುವಾರಗಳನ್ನು ಕೊಡಿ ಎಂದರು. ಮೇಲಿನವರು ನೆರಳು ಕೊಡುವುದು ಎಂದರೆ ಏನೆಂದು ನಾನು ಅಷ್ಟು ವರ್ಷದ ಸರ್ವಿಸಿನಲ್ಲಿ ಆವತ್ತೇ ಮೊದಲು ನೋಡಿದೆ.

ಭಾನುವಾರಗಳು ಶುರುವಾದವು. ರಾಮನಗರದ ಆಸ್ಪತ್ರೆಯ ಮಹಡಿಯ ಹಾಲಿನಲ್ಲಿ ಸೇರುತ್ತಿದ್ದೆವು. ಬರುವವರಲ್ಲಿ ಯಾರಾದರೊಬ್ಬರು ಬಿಡದಿಯಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ಪದ ಆರಿಸಲು ಮೇಡಂ ಕಂಡುಹಿಡಿದ ವಿಧಾನ ಬಹಳ ಸರಳ. ನಮ್ಮಲ್ಲಿ ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸುವುದು. ಇಬ್ಬರಿಗೂ ಫೋನಿನಲ್ಲಿ ಒಂದೇ ಮಾತು ಹೇಳುವುದು. ಕೇಳಿದ್ದರಿಂದ ತಿಳಿದದ್ದನ್ನು ಇಬ್ಬರೂ ಕಾಗದದ ಮೇಲೆ ಬರೆಯಬೇಕು, ಇಲ್ಲವೇ ಚಿತ್ರ ಬಿಡಿಸಬೇಕು. ಎರಡು ಕಾಗದ ಹೊಂದಿದರೆ ಆ ಪದ ಉಳಿಯಿತು. ಹೊಂದದಿದ್ದರೆ ಹೋಯಿತು, ಅದು ಎಷ್ಟು ಚೆನ್ನಾಗಿ ಕೇಳಿದರೂ ಸರಿ.

‘ಮಿರರ್’ ಮೊದಲ ಭಾನುವಾರವೇ ಹೋಯಿತು. ಅದರ ಜಾಗಕ್ಕೆ ಎರಡು ಮಾತು ಬಂದವು: ‘ಎದುರು ಬದಿಯಿಂದ ತುಂಬಿದ್ದು’ ಮತ್ತು ‘ಪೂರ್ತಿ ಮಗುಚಿ’. ಮಾಡಿ ಆಗಿರುವುದೋ ಮಾಡಬೇಕಾದದ್ದೋ ಎಂಬುದು ಆ ಮಾತಿನಲ್ಲೇ ಗೊತ್ತಾಗುವ ಹಾಗೆ. ‘ಪ್ರಿಂಟ್’ ಎನ್ನುವುದಕ್ಕೆ ನಾನು ‘ಅಚ್ಚು’ ಎಂದೆ. ಒಳ್ಳೆಯ ಕನ್ನಡ ಪದ ಕೊಟ್ಟೆನೆಂದು ಹೆಮ್ಮೆಯಿಂದ ಕೂತಿದ್ದೆ. ಕಾಗದಗಳು ಬಂದಾಗ ಇಲಿಯಾಸ್ ಪ್ಲಾಸ್ಟರಿನ ಅಚ್ಚು ಬರೆದಿದ್ದ, ಕನಕಪುರದವರು ಪುಸ್ತಕದ ಅಚ್ಚು ಎಂದುಕೊಂಡು ಕಾಗದ ಎಂದು ಬರೆದಿದ್ದರು. ಕೊನೆಗೆ ‘ಕಾಗದದ ಚಿತ್ರ’, ‘ಪ್ಲಾಸ್ಟಿಕ್ ದವಡೆ’ ಎಂದು ಮಕ್ಕಳೂ ಹೇಳುವಂಥ ಮಾತುಗಳೇ ಉಳಿದವು. ರೋಗಿಗಳಿಗೆ ಹೇಳುವ ಮಾತುಗಳನ್ನು ಮೇಡಂ ವಾರದ ದಿನಗಳಲ್ಲಿ ಸಾಲಿನಲ್ಲಿ ಕೂತವರ ಮುಂದೆ ಇಟ್ಟು ನೋಡುತ್ತಿದ್ದರು. ‘ಸ್ಕ್ಯಾನ್’ ಹೋಗಿ ‘ಕ್ಯಾಮರಾದಲ್ಲಿ ಹಲ್ಲಿನ ಅಳತೆ’ ಬಂದದ್ದು ಹಾಗೆ.

ಪ್ರಕಾಶನಿಗೆ ಇದೆಲ್ಲ ಮಕ್ಕಳಾಟ ಎನಿಸಿತ್ತು. “ಲೇ ಶಿವಣ್ಣ, ಪುಸ್ತಕದಲ್ಲಿ ಇಂಗ್ಲಿಷ್ ಪದ ಐತಲ್ಲ, ಅದ್ನೇ ಎಲ್ರೂ ಬಳಸ್ಲಿ. ಇಷ್ಟ್ ವರ್ಷ ನಡ್ಕಂಡ್ ಬಂದಿಲ್ವೇನ್ಲಾ?” ಎಂದು ನನ್ನ ಹತ್ತಿರ ಗೊಣಗುತ್ತಿದ್ದ. ಸಭೆಯಲ್ಲೂ ಹೇಳಿದ. ಮೇಡಂ ಅವನ ಮಾತನ್ನು ತಳ್ಳಿಹಾಕಲಿಲ್ಲ. “ನಿಮ್ಮ ಮಾತು ಸರಿ ಸರ್. ಹೊರಗಿನ ಕಾಲೇಜಿಗೆ, ಹೊರಗಿನ ಆಸ್ಪತ್ರೆಗೆ ಬರೆಯುವಾಗ ಪುಸ್ತಕದ ಪದವೇ ಇರಲಿ. ನಮ್ಮ ಪ್ರತಿ ಮಾತಿಗೂ ಪಕ್ಕದಲ್ಲಿ ಅದನ್ನ ಬರೆದಿಡೋಣ. ಆ ಕೆಲಸ ನೀವೇ ವಹಿಸ್ಕೊಳ್ಳಿ” ಎಂದರು. ಅವನು ಒಪ್ಪಿದ. ಮುಖ ಮಾತ್ರ ಗಂಟಾಗಿಯೇ ಇತ್ತು.

ಅವನು ಬದಲಾದದ್ದು ಹಲ್ಲಿನ ನಂಬರಿನ ದಿನ. ಇದನ್ನು ಒಸಿ ಬಿಡಿಸಿ ಹೇಳಬೇಕು. ನಾವು ಓದಿದ ಲೆಕ್ಕದಲ್ಲಿ ಬಾಯಿಯನ್ನು ನಾಲ್ಕು ಭಾಗ ಮಾಡಿ, ಮೊದಲ ಅಂಕಿ ಭಾಗಕ್ಕೆ, ಎರಡನೆಯದು ಆ ಭಾಗದ ಹಲ್ಲಿಗೆ. ಹದಿನಾರು ಎಂದರೆ ಮೊದಲ ಭಾಗದ ಆರನೆಯ ಹಲ್ಲು, ಅಂದರೆ ಮೇಲೆ ಬಲಗಡೆಯ ದೊಡ್ಡ ದವಡೆಹಲ್ಲು. ಹೊಸ ಎಕ್ಸ್‌ರೇ ಸಾಫ್ಟ್‌ವೇರ್ ಹೊರದೇಶದ್ದು. ಅದು ಹಲ್ಲುಗಳನ್ನು ಒಂದರಿಂದ ಮೂವತ್ತೆರಡರವರೆಗೆ ಸಾಲಾಗಿ ಎಣಿಸುತ್ತದೆ. ಅದರಲ್ಲಿ ಹದಿನಾರು ಎಂದರೆ ಮೇಲೆ ಎಡಗಡೆಯ ಕೊನೆಯ ಬುದ್ಧಿಹಲ್ಲು. ಸೆಟ್ಟಿಂಗ್ ಬದಲಿಸಬಹುದು. ಮೂರು ಊರಿನವರು ಬದಲಿಸಿಕೊಂಡಿದ್ದೆವು. ಮಾಗಡಿಯಲ್ಲಿ ಯಾರೂ ಮುಟ್ಟಿರಲಿಲ್ಲ. ಪ್ರಕಾಶ ಯಂತ್ರದ ಲೆಕ್ಕಕ್ಕೇ ಒಗ್ಗಿಕೊಂಡುಬಿಟ್ಟಿದ್ದ.

ಅವನನ್ನೂ ಕನಕಪುರದ ಡಾಕ್ಟರನ್ನೂ ಎರಡು ಕೋಣೆಯಲ್ಲಿ ಕೂರಿಸಿ ಮೇಡಂ ಫೋನಿನಲ್ಲಿ, “ಹದಿನಾರು ತೆಗೀಬೇಕು” ಎಂದರು. ಇಬ್ಬರೂ ಬಾಯಿಯ ಚಿತ್ರದ ಮೇಲೆ ಗುರುತು ಹಾಕಿ ತಂದರು. ಒಂದು ಗುರುತು ಮೇಲೆ ಬಲಕ್ಕೆ, ಇನ್ನೊಂದು ಮೇಲೆ ಎಡಕ್ಕೆ ಕಟ್ಟಕಡೆಗೆ. ಪ್ರಕಾಶ ಎರಡೂ ಕಾಗದವನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಶಿವಣ್ಣ, ಹೋದ್ ವಾರ ನನ್ ಹತ್ರ ಒಬ್ರುನ್ನ ಕಳ್ಸಿದ್ಯಲ್ಲ. ಮಾಗಡಿ ಮಗಳ ಮನೇಲಿ ಅವ್ರೆ ಅಂತ. ಹದಿನಾರು ಕಿತ್ತಾಕು ಅಂದಿದ್ದೆ. ಅದ್ ಯಾವ್ ಹದಿನಾರ್ಲಾ?”

“ಬಲಗಡೆ ದವಡೆಹಲ್ಲು.”

“ನಾಳೆ ಬತ್ತಾರೆ ಅವ್ರು” ಎಂದು ಅವನು ಕುರ್ಚಿ ಎಳೆದು ಕೂತ. “ಎಡಗಡೆ ಬುದ್ಧಿಹಲ್ಲೂ ಕೆಟ್ಟೈತೆ ಅವ್ರಿಗೆ, ಎಕ್ಸ್‌ರೇಲಿ ನೋಡಿವ್ನಿ. ಬಾಯಿ ತೆರೆಸಿ ನೋಡಿದ್ರೂ ನಂಗ್ ಅನುಮಾನ ಬತ್ತಿರ್ಲಿಲ್ಲ. ಅದ್ನೇ ಕೀಳ್ತಿದ್ದೆ.”

ಮೇಡಂ ಅವನ ಮುಂದೆ ಒಂದು ಲೋಟ ಕಾಫಿ ಇಟ್ಟರು. “ಇವತ್ತು ಕೂತದ್ದಕ್ಕೆ ಒಬ್ಬರ ಹಲ್ಲು ಉಳೀತು ಸರ್” ಎಂದರು ಅಷ್ಟೇ. ನಂಬರಿನ ಜೊತೆಗೆ ಹಲ್ಲಿನ ಹೆಸರನ್ನೂ, ರೋಗಿಯ ಎಡವೋ ಬಲವೋ ಎಂಬುದನ್ನೂ ಹೇಳಲೇಬೇಕು, ಕೇಳಿದವರು ಅದನ್ನು ತಿರುಗಿ ಹೇಳಬೇಕು ಎಂದು ಆವತ್ತೇ ತೀರ್ಮಾನವಾಯಿತು. ಬರೆದದ್ದು ಪ್ರಕಾಶ.

ಅಷ್ಟರಲ್ಲಿ ಸವಿತಾಳ ಆಪರೇಷನ್ ದಿನ ಬಂತು. ಈ ಸಲ ಫೈಲಿನ ಮೇಲೆ ‘ಸವಿತಾ, ರೋಗಿಯ ಎಡ, ಎದುರು ಬದಿಯಿಂದ ತುಂಬಿದ್ದು, ಮಗುಚಬೇಡಿ’ ಎಂದಿತ್ತು. ಇಲಿಯಾಸ್ ಫೋನ್ ಮಾಡಿ ಅಷ್ಟನ್ನೂ ತಿರುಗಿ ಹೇಳಿದ. ಪ್ಲಾಸ್ಟಿಕ್ ದವಡೆಯನ್ನು ಬಸ್ಸಿಗೆ ಹಾಕದೆ ತಾನೇ ಹಿಡಿದುಕೊಂಡು ಬಂದ. ಹೊಸ ಹುಡುಗಿ ಅದನ್ನು ಸವಿತಾಳ ಗಲ್ಲದ ಪಕ್ಕ ಹಿಡಿದು ನೋಡಿದಳು. ಓರೆ ಹಲ್ಲು ಬಲಕ್ಕೇ ಇತ್ತು. ಗೌರಮ್ಮ ಪಕ್ಕದಲ್ಲೇ ನಿಂತಿದ್ದರು. “ಈಗ ನಮ್ಮುಡ್ಗೀದೇ ಇದು” ಎಂದರು.

ಪಟ್ಟಿ ಹೇಳಿ ಮಾಡಿಸಿದಂತೆ ಕೂತಿತು ಎಂದು ಸರ್ಜನ್ ಹೊರಗೆ ಬಂದು ಹೇಳಿದರು. ಗುಣವಾಗಲು ತಿಂಗಳುಗಳು ಹಿಡಿದವು, ಆಮೇಲೆ ಸೊಂಟದ ಮೂಳೆಯ ಒಂದು ತುಂಡು ತೆಗೆದು ದವಡೆಗೆ ಸೇರಿಸಿದ್ದೂ ಆಯಿತು, ಕೊನೆಗೆ ಇಲಿಯಾಸ್ ಮಾಡಿದ ಹಲ್ಲುಗಳೂ ಬಂದವು. ಆ ದಿನಗಳಲ್ಲೆಲ್ಲ ಸವಿತಾ ಒಂದು ಸಲವೂ ಬೇಸರ ತೋರಿಸಲಿಲ್ಲ. ಗಂಜಿ ಕುಡಿದುಕೊಂಡು, ಚೀಟಿಯಲ್ಲಿ ಬರೆದು ಮಾತಾಡಿಕೊಂಡು, ವ್ಯಾಯಾಮ ಮಾಡು ಅಂದರೆ ಮಾಡಿಕೊಂಡು ಇದ್ದಳು. ಹಲ್ಲು ಕೂರಿಸಿದ ಮೇಲೆ ಅತ್ತೆ ಸೊಸೆ ಚನ್ನಪಟ್ಟಣದ ನನ್ನ ಕೋಣೆಗೆ ಬಂದರು. ಸವಿತಾ ಸೆರಗಿನ ಗಂಟಿನಿಂದ ಹುರಿದ ಅವರೆಕಾಳು ತೆಗೆದು ಎಡಗಡೆಯಿಂದಲೇ ಕಟುಂ ಎಂದು ಕಡಿದು ತೋರಿಸಿದಳು. ಅಷ್ಟು ಗಟ್ಟಿಯಾದದ್ದು ಈಗಲೇ ತಿನ್ನಬಾರದು ಎಂದು ನಾನು ಬೈಯಬೇಕಿತ್ತು. ಬೈಯಲು ಮನಸ್ಸಾಗಲಿಲ್ಲ.

ನಾನು ನಿವೃತ್ತನಾದ ಮೇಲೆ ಇಂದುಮತಿ ಮೇಡಂ ದೂರದ ಒಂದು ಕಾಲೇಜಿಗೆ ಪಾಠ ಮಾಡಲು ಹೋದರು. ಅವರಿಲ್ಲದೆ ಈ ಪದಗಳ ಕೆಲಸ ನಿಂತುಹೋಗುತ್ತದೆ ಎಂದುಕೊಂಡಿದ್ದೆ. ಈಚೆಗೆ ಒಂದು ದಿನ ಪ್ರಕಾಶ ಫೋನ್ ಮಾಡಿದ.

“ಲೇ, ನಾಳೆ ಬೆಳಿಗ್ಗೆ ಮಾಗಡಿಗೆ ಬತ್ತೀಯೇನ್ಲಾ? ಒಂದ್ ಪದ ಸಿಕ್ಕಾಕಂಡೈತೆ.”

ಹೋದೆ. ಈಗ ಬಂದಿರುವ ಸಾಫ್ಟ್‌ವೇರ್ ಎಕ್ಸ್‌ರೇ ಚಿತ್ರವನ್ನು ತಾನೇ ನೋಡಿ, ಹುಳುಕು ಅನಿಸಿದ ಕಡೆ ಕೆಂಪು ಚೌಕ ಹಾಕುತ್ತದೆ. ಒಳ್ಳೆಯ ಸಾಧನವೇ. ನಮ್ಮ ಕಣ್ಣಿಗೆ ತಪ್ಪಿದ್ದನ್ನೂ ಎಷ್ಟೋ ಸಲ ಹಿಡಿಯುತ್ತದೆ. ಆದರೆ ಅಲ್ಲಿಯ ಕಿರಿಯ ಡಾಕ್ಟರ್ ಹುಡುಗಿ ರೋಗಿಗಳಿಗೆ, “ಮಿಷನ್ ಹುಳುಕು ಅಂತ ಹೇಳ್ತಿದೆ” ಎನ್ನುತ್ತಿದ್ದಳು. ಹಾಗೆ ಕೇಳಿದ ಒಬ್ಬರು, ಹಲ್ಲು ಚೆನ್ನಾಗಿದೆ ಎಂದು ಪ್ರಕಾಶ ಎಷ್ಟು ಹೇಳಿದರೂ ಒಪ್ಪದೆ, ಮಿಷನ್ನೇ ಹೇಳಿದ ಮೇಲೆ ನೀವ್ಯಾರು ಎಂದು ಬೇರೆ ಕಡೆ ಹೋಗಿ ಕೊರೆಸಿಕೊಂಡು ಬಂದಿದ್ದರು. ಪ್ರಕಾಶ ನನ್ನನ್ನು ಒಂದು ಕೋಣೆಯಲ್ಲಿ, ಅಲ್ಲಿಯ ನರ್ಸನ್ನು ಇನ್ನೊಂದರಲ್ಲಿ ಕೂರಿಸಿ, ಅದೇ ಮಾತನ್ನು ಫೋನಿನಲ್ಲಿ ಹೇಳಿದ. ನಾನು ‘ಹುಳುಕು ಖಚಿತ, ಕೊರೆದು ತುಂಬಬೇಕು’ ಎಂದು ಬರೆದೆ. ನರ್ಸ್ ‘ಡಾಕ್ಟರು ನೋಡಿ ಹೇಳಬೇ‌ಕು’ ಎಂದು ಬರೆದಿದ್ದಳು. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ಪ್ರಕಾಶ ಆ ಮಾತಿಗೆ ಗೀಟು ಎಳೆದ.

ಆ ಹೊತ್ತಿಗೆ ದಿನದ ಮೊದಲ ರೋಗಿ ಬಂದು ಕುರ್ಚಿಯಲ್ಲಿ ಕೂತಾಗಿತ್ತು. ಪರದೆಯ ಮೇಲೆ ಅವರ ಹಲ್ಲಿನ ಚಿತ್ರ, ಅದರ ಮೇಲೆ ಒಂದು ಕೆಂಪು ಚೌಕ. ಹುಡುಗಿ ಬಾಯಿ ತೆರೆಯುವುದರೊಳಗೆ ಪ್ರಕಾಶ ಅವಳ ಪಕ್ಕ ಹೋಗಿ ನಿಂತ.

“ಮಿಷನ್ ಹೇಳ್ತು ಅನ್ಬೇಡ ಕಣಮ್ಮ. ಮಿಷನ್ ಗುರುತು ಹಾಕೈತೆ ಅನ್ನು. ಹೇಳಾದು ನೀನು.”

ಅವಳು ಪರದೆ ಬಿಟ್ಟು ರೋಗಿಯ ಕಡೆ ತಿರುಗಿದಳು. ದೀಪ ಹತ್ತಿರಕ್ಕೆಳೆದು, ಬಾಯಿ ತೆರೆಸಿ, ಆ ಹಲ್ಲನ್ನು ಸುತ್ತಲೂ ತಾನೇ ನೋಡಿದಳು. ನೋಡಿ ಮುಗಿಸಿ, ಏನಾಗಿದೆ ಎಂದು ಅವರಿಗೆ ಹೇಳತೊಡಗಿದಳು.